ಅಪ್ಪನ ಕೈಗುಣಕ್ಕೊಂದು ಅನೋವಾ

ಇದು ನಡೆದ ಕಥೆ. ಉಪ್ಪುಖಾರ ಹಚ್ಚಿಲ್ಲ. ಎಲ್ಲಾದರೂ ಒಂಚೂರು ಉಬ್ಬಿದ ಹಾಗೆ ಕಂಡರೆ, ಬೇಕರಿಯ ಕಥೆ ತಾನೇ, ಯೀಸ್ಟ್ ಬಿದ್ದಿದೆ ಎಂದುಕೊಂಡು ಮುಂದಕ್ಕೆ ಓದಿ.

ಆ ಬೇಕರಿಯ ಯಜಮಾನನಿಗೆ ತನ್ನ ಬಗ್ಗೆ ದೊಡ್ಡ ಅಭಿಪ್ರಾಯವೇನೂ ಇರಲಿಲ್ಲ. ಇದ್ದದ್ದೆಲ್ಲ ತನ್ನ ಬಲಗೈಯ ಬಗ್ಗೆ. ಹಿಟ್ಟು ಅದೇ, ನೀರು ಅದೇ, ಯೀಸ್ಟ್ ಅದೇ. ಆದರೂ ತಾನು ನಾದಿದ ಹಿಟ್ಟು ಮಾತ್ರ ಟಿನ್ನಿನ ಕಂಠ ದಾಟಿ ಟೊಪ್ಪಿಗೆ ಹಾಕಿಕೊಂಡು ನಿಲ್ಲುತ್ತದೆ, ಬೇರೆಯವರು ನಾದಿದ್ದು ಬೈಸಿಕೊಂಡವರ ಮುಖದ ಹಾಗೆ ಕೆಳಗೇ ಕೂತಿರುತ್ತದೆ ಎಂಬುದು ಅವನ ಗಟ್ಟಿ ನಂಬಿಕೆ. ಯಾಕೆ ಎಂದು ಯಾರಾದರೂ ಕೇಳಿದರೆ ಅಂಗೈ ಬಿಡಿಸಿ ತೋರಿಸಿ, ‘ಕೈಗುಣ’ ಎನ್ನುತ್ತಿದ್ದ. ಕೇಳಿದವರು ಆ ಅಂಗೈಯನ್ನು ಬಗ್ಗಿ ನೋಡಿ, ಅಲ್ಲಿ ಮೆತ್ತಿದ ಹಿಟ್ಟು ಬಿಟ್ಟು ಬೇರೇನೂ ಕಾಣದೆ, ಹೌದು ಹೌದು ಎಂದು ಬನ್ನು ಕಟ್ಟಿಸಿಕೊಂಡು ಹೋಗುತ್ತಿದ್ದರು.

ಈಗ ಅದೇ ಕೈಯ ಭುಜ ಮುಷ್ಕರ ಹೂಡಿತ್ತು. ಕೈ ಹೆಗಲಿನ ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಮೇಲಿನ ತಟ್ಟೆ ತೆಗೆಯಲು ಸ್ಟೂಲು ಹತ್ತಬೇಕು, ಅಂಗಿ ಹಾಕಲು ಒಬ್ಬರು ಹಿಂದೆ ನಿಲ್ಲಬೇಕು. ಡಾಕ್ಟರು ನೇರವಾಗಿಯೇ ಹೇಳಿದ್ದರು: “ಕೆಲವು ತಿಂಗಳು ಹಿಟ್ಟು ನಾದಬೇಡಿ. ನಾದಿದ್ರೆ ಆಮೇಲೆ ಈ ಕೈಯಲ್ಲಿ ತಲೆ ಬಾಚ್ಕೊಳ್ಳೋಕೂ ಆಗಲ್ಲ.”

“ಬಾಚೋಕೆ ಏನಿದೆ ನೋಡಿ ಡಾಕ್ಟ್ರೇ” ಎಂದು ಬೋಳುತಲೆ ಬಗ್ಗಿಸಿ ತೋರಿಸಿ ಯಜಮಾನ ಎದ್ದು ಬಂದಿದ್ದ. ಮರುದಿನ ಬೆಳಗ್ಗೆ ಮತ್ತೆ ಹಿಟ್ಟಿನ ತೊಟ್ಟಿಯ ಮುಂದೆ.

ಇದನ್ನು ನೋಡಿ ಸಂಕಟಪಡುತ್ತಿದ್ದವಳು ಅವನ ಮಗಳು. ಬ್ರೆಡ್ಡಿನ ಚೂರು ಹೆಕ್ಕಿ ತಿನ್ನುತ್ತಲೇ ಬೆಳೆದವಳಾದ್ದರಿಂದ ಮನೆಯಲ್ಲಿ ಅವಳಿಗೆ ಗುಬ್ಬಿ ಎಂದೇ ಹೆಸರು. ಹಗಲು ಗಲ್ಲಾದಲ್ಲಿ ಕೂರುವುದು, ಸಂಜೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುವುದು. ಅಪ್ಪ ನಾದುತ್ತ ನಾದುತ್ತ ಹಲ್ಲು ಕಚ್ಚುವುದು, ಯಾರೂ ನೋಡಲಿಲ್ಲವೆಂದು ಭುಜ ಒತ್ತಿಕೊಳ್ಳುವುದು, ಗಲ್ಲಾದ ಕುರ್ಚಿಯಿಂದ ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು.

“ಅತ್ತಿಗೆ ನಾದ್ಲಿ ಬಿಡಪ್ಪ” ಎಂದಳು ಒಂದು ದಿನ.

ಅತ್ತಿಗೆ ಆ ಮನೆಯ ಸೊಸೆ. ಅವಳ ಗಂಡ ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಬ್ರೆಡ್ ಹಾಕುವವನು; ಈ ಕಥೆ ಮುಗಿಯುವವರೆಗೂ ಅವನು ರಸ್ತೆಯಲ್ಲೇ ಇರುತ್ತಾನೆ, ಬಿಡಿ. ಅತ್ತಿಗೆ ಮದುವೆಯಾಗಿ ಬಂದಾಗಿನಿಂದ ಮಾವನ ಎಡಗಡೆ ನಿಂತು ಬನ್ನಿನ ಹಿಟ್ಟು ನಾದುತ್ತಿದ್ದಳು. ಬ್ರೆಡ್ಡಿನ ತೊಟ್ಟಿ ಮುಟ್ಟಲು ಅವಳಿಗೆ ಅಪ್ಪಣೆ ಇರಲಿಲ್ಲ.

“ಅವಳು ಒಳ್ಳೆಯವಳು” ಎಂದ ಅಪ್ಪ. “ಕೆಲಸಗಾತಿ. ಆದ್ರೆ ಕೈಗುಣ ಅನ್ನೋದು ಕಲಿತು ಬರೋದಲ್ಲ ಕಣೇ.”

“ನನ್ನ ಕೈಗೂ ಇಲ್ವಾ ಅಣ್ಣ? ಒಂದೇ ಹೊಟ್ಟೇಲಿ ಹುಟ್ಟಿದ್ದು ನಾವು” ಎಂದ ಚಿಕ್ಕಪ್ಪ, ಕೇಕಿನ ಮೇಲೆ ಗುಲಾಬಿ ಬಿಡಿಸುತ್ತ. ಚಿಕ್ಕಪ್ಪ ಆ ಬೇಕರಿಯ ಕೇಕ್ ವಿಭಾಗ ಮತ್ತು ಮನರಂಜನಾ ವಿಭಾಗ. ಒಮ್ಮೆ ಕಿವಿಗೆ ಬಿದ್ದ ದನಿ ಅವನ ಗಂಟಲಿನಲ್ಲಿ ಬಾಡಿಗೆ ಕೊಡದೆ ಇದ್ದುಬಿಡುತ್ತಿತ್ತು. ಡಾಕ್ಟರು, ಅಂಚೆಯವನು, ಎದುರುಮನೆ ನಾಯಿ, ಎಲ್ಲರೂ ಅಲ್ಲೇ ವಾಸ.

“ನಿನ್ನ ಕೈ ಗುಲಾಬಿ ಮಾಡೋಕೆ ಲಾಯಕ್ಕು” ಎಂದ ಅಪ್ಪ. “ಗುಲಾಬಿ ಉಬ್ಬೋದು ಬೇಕಿಲ್ಲ.”

ಗುಬ್ಬಿಗೆ ಅದೇ ವಾರ ಕಾಲೇಜಿನಲ್ಲಿ ಒನ್‌ವೇ ಅನೋವಾ ಪಾಠ ಶುರುವಾಗಿತ್ತು. ಎರಡಕ್ಕಿಂತ ಹೆಚ್ಚು ಗುಂಪುಗಳ ಸರಾಸರಿಗಳ ನಡುವೆ ನಿಜವಾಗಿ ವ್ಯತ್ಯಾಸವಿದೆಯೋ, ಇಲ್ಲ ಸುಮ್ಮನೆ ಆಕಸ್ಮಿಕವಾಗಿ ಹಾಗೆ ಕಾಣುತ್ತಿದೆಯೋ ಎಂದು ನೋಡುವ ಲೆಕ್ಕ. ಪ್ರತಿಯೊಬ್ಬರೂ ಒಂದು ಪ್ರಯೋಗ ಮಾಡಿ ತರಬೇಕೆಂದು ಮೇಡಂ ಹೇಳಿದ್ದರು. ಗುಬ್ಬಿಯ ತಲೆಯಲ್ಲಿ ಥಟ್ಟನೆ ದೀಪ ಹತ್ತಿತು.

“ಅಪ್ಪ, ನಿನ್ನ ಕೈಗುಣ ಅಳೆದು ನೋಡೋಣ. ನೀನು, ಅತ್ತಿಗೆ, ಚಿಕ್ಕಪ್ಪ. ಮೂರು ಕೈ, ಮೂರು ಗುಂಪು. ಬ್ರೆಡ್ ಎಷ್ಟೆತ್ತರ ಉಬ್ಬುತ್ತೆ ಅಂತ ಸ್ಕೇಲಿಟ್ಟು ನೋಡ್ತೀನಿ. ವ್ಯತ್ಯಾಸ ಕಾಣಲಿಲ್ಲ ಅಂದ್ರೆ ಭುಜ ವಾಸಿಯಾಗೋವರೆಗೂ ತೊಟ್ಟಿ ಅತ್ತಿಗೇದು. ಒಪ್ತೀಯಾ?”

“ಕಂಡ್ರೆ?”

“ಕಂಡ್ರೆ ನಾನು ಇನ್ನು ಬಾಯಿ ಬಿಡಲ್ಲ.”

“ಅದೊಂದಕ್ಕಾದ್ರೂ ಒಪ್ಪಲೇಬೇಕು” ಎಂದ ಅಪ್ಪ, ಸಂತೋಷದಿಂದ.

ಗುಬ್ಬಿಯ ಮೊದಲ ಪ್ರಯೋಗ ಹೀಗಿತ್ತು. ಮೂವರೂ ನಾದಿದರು. ಒಬ್ಬೊಬ್ಬರದು ಒಂದೊಂದು ಬ್ರೆಡ್ ತೆಗೆದುಕೊಂಡಳು. ಲೆಕ್ಕಕ್ಕೆ ಹೆಚ್ಚು ಅಳತೆ ಬೇಕಲ್ಲ, ಅದಕ್ಕೆ ಪ್ರತಿ ಬ್ರೆಡ್ಡನ್ನೂ ಆ ತುದಿಯಿಂದ ಈ ತುದಿಯವರೆಗೆ ಹತ್ತು ಕಡೆ ಅಳೆದಳು. ಲ್ಯಾಪ್‌ಟಾಪಿಗೆ ಹಾಕಿದಳು. ಗುಂಡಿ ಒತ್ತಿದಳು. ಎಫ್ ಬೆಲೆ ನೂರು ದಾಟಿತು. ಬರೀ ಆಕಸ್ಮಿಕದಿಂದಲೇ ಇಂಥ ವ್ಯತ್ಯಾಸ ಕಾಣುವ ಸಾಧ್ಯತೆ ಎಷ್ಟೆಂದು ಹೇಳುವ ಪಿ ಬೆಲೆಯಲ್ಲಿ ಸೊನ್ನೆಗಳು ರೈಲುಬೋಗಿಗಳ ಹಾಗೆ ಸಾಲಾಗಿ ಬಂದವು. ಅಪ್ಪನ ಬ್ರೆಡ್ ಎಲ್ಲಕ್ಕಿಂತ ಎತ್ತರ.

ಗುಬ್ಬಿಯ ಮುಖ ಇಳಿಯಿತು. ಅಪ್ಪ ಆ ಪ್ರಿಂಟ್ ಔಟನ್ನು ಗಾಜಿನ ಕಪಾಟಿನ ಮೇಲೆ, ಗಿರಾಕಿಗಳ ಕಣ್ಣಿಗೆ ಸರಿಯಾಗಿ ಬೀಳುವ ಹಾಗೆ, ಎಡಗೈಯಿಂದಲೇ ಅಂಟಿಸಿದ. ‘ಇದೇನ್ರೀ?’ ಎಂದು ಕೇಳಿದವರಿಗೆ, ‘ಏನಿಲ್ಲ, ವಿಜ್ಞಾನ’ ಎನ್ನುತ್ತಿದ್ದ.

ಮೇಡಂ ಆ ಲೆಕ್ಕ ನೋಡಿ ಕನ್ನಡಕ ಕೆಳಗಿಳಿಸಿದರು. ಮೇಡಂಗೆ ಒಂದು ಅಭ್ಯಾಸ: ಪ್ರತಿ ವಿವರಣೆಯ ಕೊನೆಗೂ ‘ಅರ್ಥ ಆಯ್ತಾ?’ ಎಂದು ಕೇಳುವುದು, ಉತ್ತರಕ್ಕೆ ಕಾಯದೆ ‘ಆಗ್ಲಿಲ್ಲ, ಗೊತ್ತು’ ಎಂದು ತಾವೇ ಮುಗಿಸುವುದು.

“ಎಷ್ಟು ಬ್ರೆಡ್ ಅಳೆದೆ?”

“ಮೂವತ್ತು ಅಳತೆ ಮೇಡಂ.”

“ಅಳತೆ ಕೇಳಲಿಲ್ಲ. ಬ್ರೆಡ್ ಎಷ್ಟು?”

“...ಮೂರು.”

“ನಿನ್ನ ಎತ್ತರಾನ ನಾನು ಹತ್ತು ಸಲ ಅಳೆದ್ರೆ ನೀನು ಹತ್ತು ಜನ ಆಗ್ತೀಯಾ? ಒಬ್ಬಳನ್ನೇ ತಡ್ಕೊಳ್ಳೋಕೆ ಆಗ್ತಿಲ್ಲ ನಂಗೆ. ಅರ್ಥ ಆಯ್ತಾ? ಆಗ್ಲಿಲ್ಲ, ಗೊತ್ತು.” ತರಗತಿ ಗೊಳ್ಳೆಂದಿತು. “ಸರಿ, ನಿಮ್ಮಪ್ಪನ ಹಿಟ್ಟು ಉಬ್ಬೋಕೆ ಎಲ್ಲಿ ಇಡ್ತಾರೆ?”

“ಭಟ್ಟಿ ಗೋಡೆ ಪಕ್ಕ. ಅದು ಮೊದಲಿಂದ ಅಪ್ಪನ ಜಾಗ. ಬೇರೆಯವರು ಅಲ್ಲಿ ಇಡೋ ಹಾಗಿಲ್ಲ.”

“ಉಳಿದವರದು?”

“ಕಿಟಕಿ ಹತ್ರ.”

“ಬೆಚ್ಚಗಿದ್ದ ಹಿಟ್ಟು ಮೇಲಕ್ಕೆ ಹೋಯ್ತು, ಗಾಳಿಗಿದ್ದದ್ದು ಮುದುಡಿಕೊಂಡು ಕೂತ್ಕೊಳ್ತು. ಹಾಗಾದ್ರೆ ನೀನು ಅಳೆದದ್ದು ಅಪ್ಪನ ಕೈಯನ್ನೋ, ಗೋಡೆಯನ್ನೋ?”

ಗುಬ್ಬಿ ತಲೆ ಕೆರೆದುಕೊಂಡಳು. ಮೇಡಂಗೆ ಕನಿಕರ ಬಂತು. ಪಕ್ಕದ ಬೆಂಚಿನಲ್ಲಿ ಕೂತು, ಮನೆಯವರ ಹಾಗೆ ಹೇಳಿದರು:

“ನೋಡು, ಪಕ್ಕದ್ಮನೆಯವರ ಜೊತೆ ನಿಮಗೆ ಎಷ್ಟು ಜಗಳ ಅಂತ ಒಂದು ಲೆಕ್ಕ. ನಿಮ್ಮ ನಿಮ್ಮ ಮನೆಯೊಳಗೇ ಎಷ್ಟು ಜಗಳ ಅಂತ ಇನ್ನೊಂದು ಲೆಕ್ಕ. ಮೊದಲನೇದನ್ನ ಎರಡನೇದರಿಂದ ಭಾಗಿಸು. ಅದೇ ಎಫ್. ಮನೆಯೊಳಗೇ ದಿನಾ ಕಿತ್ತಾಟ ಇದ್ರೆ, ಪಕ್ಕದ್ಮನೆ ಜೊತೆ ಒಂದು ಮಾತು ಬಂತು ಅನ್ನೋದೇನು ವಿಶೇಷ? ಎಫ್ ಒಂದರ ಆಸುಪಾಸಲ್ಲೇ ಇರುತ್ತೆ. ಮನೆಯೊಳಗೆ ಎಲ್ಲ ಒಗ್ಗಟ್ಟು, ಹೊರಗೆ ಮಾತ್ರ ದೊಡ್ಡ ಜಗಳ ಅಂದ್ರೆ ಆಗ ಏನೋ ಇದೆ ಅಂತ. ಏನೋ ಇದೆ ಅಂತ ಅಷ್ಟೇ! ಯಾರು ಯಾರಿಗಿಂತ ಮೇಲು ಅಂತ ಎಫ್ ಹೇಳಲ್ಲ, ಅದಕ್ಕೆ ಆಮೇಲೆ ಬೇರೆ ಪರೀಕ್ಷೆ ಮಾಡ್ಬೇಕು. ಯಾಕೆ ಅಂತಂತೂ ಯಾವ ಪರೀಕ್ಷೇನೂ ಹೇಳಲ್ಲ, ಅದನ್ನ ನೀನೇ ಹುಡುಕ್ಬೇಕು.”

ಅರ್ಥವಾಯಿತೇ ಎಂದು ಮೇಡಂ ಈ ಸಲ ಕೇಳಲಿಲ್ಲ. ಗುಬ್ಬಿಗೆ ಅರ್ಥವಾಗಿತ್ತು.

ಎರಡನೆಯ ಪ್ರಯೋಗವನ್ನು ಅವಳು ಕಟ್ಟುನಿಟ್ಟಾಗಿ ಹೂಡಿದಳು. ಒಬ್ಬೊಬ್ಬರ ಕೈಯಿಂದ ಎಂಟೆಂಟು ಬ್ರೆಡ್. ಮೂರು ತೊಟ್ಟಿಗಳೂ ಭಟ್ಟಿ ಗೋಡೆಯ ಪಕ್ಕದಲ್ಲೇ. (“ಅದು ನನ್ ಜಾಗ!” ಎಂದ ಅಪ್ಪ. “ಇವತ್ತು ಅತಿಥಿಗಳು ಬಂದಿದಾರೆ ಅಂದ್ಕೋ” ಎಂದಳು ಗುಬ್ಬಿ.) ಹಿಟ್ಟನ್ನು ಚಿಕ್ಕಪ್ಪ ತೂಗಿ ಕತ್ತರಿಸಿದ. ಭಟ್ಟಿಯೊಳಗೆ ಯಾವ ಟಿನ್ನು ಯಾವ ಮೂಲೆಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರು. ಗುರುತಿಗೆ ಹಲ್ಲುಕಡ್ಡಿಗಳನ್ನು ಕೇಕಿನ ಬಣ್ಣದಲ್ಲಿ ಅದ್ದಿ, ಪ್ರತಿ ಹಿಟ್ಟಿನ ನೆತ್ತಿಗೂ ಒಂದೊಂದು ಚುಚ್ಚಿದಳು: ಅಪ್ಪನಿಗೆ ಕೆಂಪು, ಅತ್ತಿಗೆಗೆ ಹಸಿರು, ಚಿಕ್ಕಪ್ಪನಿಗೆ ನೀಲಿ. ಬೇಯುವಾಗ ಬಣ್ಣ ಸ್ವಲ್ಪ ಮಾಸಿದರೂ ಗುರುತು ಸಿಗುತ್ತಿತ್ತು.

ಬ್ರೆಡ್ಡುಗಳು ಹೊರಬಂದು ಹಲಗೆಯ ಮೇಲೆ ಆರತೊಡಗಿದವು. ಮೂರು ಬಣ್ಣದ ಕಡ್ಡಿ ಸಿಕ್ಕಿಸಿಕೊಂಡು, ಯಾವುದೋ ಮೆರವಣಿಗೆಗೆ ಹೊರಟವರ ಹಾಗೆ.

“ನೀವೆಲ್ಲ ಕಾಫಿ ಕುಡಿದು ಬನ್ನಿ” ಎಂದ ಅಪ್ಪ, ಎಂದೂ ಇಲ್ಲದ ಅಕ್ಕರೆಯಿಂದ. “ನಾನು ಇಲ್ಲಿ ನೊಣ ಓಡಿಸ್ತಿರ್ತೀನಿ.”

ಕಾಫಿ ಮುಗಿಸಿ ಬಂದು ಗುಬ್ಬಿ ಅಳೆದಳು, ಲ್ಯಾಪ್‌ಟಾಪಿಗೆ ಹಾಕಿದಳು, ಗುಂಡಿ ಒತ್ತಿದಳು. ಎಫ್ ಹತ್ತೊಂಬತ್ತು. ಪಿ ಮತ್ತೆ ಸೊನ್ನೆಗಳ ರೈಲು. ಕೆಂಪು ಕಡ್ಡಿ ಗೆದ್ದಿತ್ತು.

“ಪಾಪ, ಬೇಜಾರು ಮಾಡ್ಕೋಬೇಡ” ಎಂದ ಅಪ್ಪ, ಭುಜ ಒತ್ತಿಕೊಳ್ಳುತ್ತ. “ಚೆನ್ನಾಗಿ ಅಳೆದಿದೀಯ.”

ಗುಬ್ಬಿ ಪರದೆಯ ಮುಂದೆಯೇ ಕೂತಳು. ಇನ್ನು ಬಾಯಿ ಬಿಡುವ ಹಾಗಿಲ್ಲ. ನಾಳೆಯೂ ಅಪ್ಪ ನಾದುತ್ತಾನೆ, ನಾಡಿದ್ದೂ ನಾದುತ್ತಾನೆ, ಕೈ ಹೆಗಲಿಗೂ ಬಾರದ ಹಾಗಾಗುವವರೆಗೆ ನಾದುತ್ತಾನೆ. ಬೇಸರದಲ್ಲೇ ಇಪ್ಪತ್ನಾಲ್ಕು ಅಳತೆಗಳನ್ನೂ ಚುಕ್ಕಿಗಳಾಗಿ ಇಟ್ಟು ನೋಡಿದಳು. ಅತ್ತಿಗೆಯ ಚುಕ್ಕಿಗಳು ಮೇಲೆ ಕೆಳಗೆ ಚೆಲ್ಲಿದ್ದವು. ಚಿಕ್ಕಪ್ಪನವೂ ಅಷ್ಟೆ. ಅಪ್ಪನವು ಮಾತ್ರ ಬಸ್ಸಿನ ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತವರ ಹಾಗೆ ಎಲ್ಲವೂ ಮೇಲೆ, ಒಂದಕ್ಕೊಂದು ಅಂಟಿಕೊಂಡು.

ಒಂದಾದರೂ ಗಿಡ್ಡ ಬ್ರೆಡ್ ಬೇಡವೇ? ಅದೇ ಭಟ್ಟಿ. ಅದರ ಬಾಗಿಲ ಬಳಿಯ ಮೂಲೆಯಲ್ಲಿ ಯಾರ ಬ್ರೆಡ್ಡಾದರೂ ಸ್ವಲ್ಪ ಕುಗ್ಗಬೇಕು. ಆ ಮೂಲೆಯ ಚೀಟಿ ಎರಡು ಸಲ ಅಪ್ಪನಿಗೇ ಬಂದಿತ್ತು, ಅವಳೇ ಎತ್ತಿದ್ದು. ಎಂಥ ಕೈಗುಣವಾದರೂ ಮನೆಯೊಳಗೆ ಒಂದು ಸಣ್ಣ ಜಗಳವೂ ಇಲ್ಲದ ಸಂಸಾರ ಉಂಟೇ?

ಗುಬ್ಬಿ ಎದ್ದು ಹಲಗೆಯಿಂದ ಒಂದು ಕೆಂಪು ಕಡ್ಡಿಯ ಬ್ರೆಡ್ ತಂದು, ಕಡ್ಡಿ ಕಿತ್ತು, ಅದೇ ತೂತಿನ ನೇರಕ್ಕೆ ಸರಿಯಾಗಿ ಚಾಕು ಹಾಕಿದಳು. ಹಿಟ್ಟು ಹಸಿಯಾಗಿದ್ದಾಗ ಚುಚ್ಚಿದ ಕಡ್ಡಿಯ ಬಣ್ಣ ಒಳಗೆ ಇಳಿದು ಬೆಂದುಹೋಗಿತ್ತು.

ಹಸಿರು ಬಣ್ಣ.

ಇನ್ನೊಂದು ಕೆಂಪು ಕಡ್ಡಿಯ ಬ್ರೆಡ್ ಕತ್ತರಿಸಿದಳು. ಒಳಗೆ ನೀಲಿ. ನೀಲಿ ಕಡ್ಡಿಯ ಒಂದು ಗಿಡ್ಡ ಬ್ರೆಡ್ ಕತ್ತರಿಸಿದಳು. ಒಳಗೆ ಅಪ್ಪನ ಕೆಂಪು, ನಾಚಿಕೊಂಡ ಹಾಗೆ.

ಗುಬ್ಬಿಗೆ ಮೊದಲು ಸಿಟ್ಟು ಬಂತು. ಆಮೇಲೆ, ಹೆಗಲಿಗಿಂತ ಮೇಲೆ ಏಳದ ಕೈಯಲ್ಲಿ ಅಪ್ಪ ತುದಿಗಾಲಿನಲ್ಲಿ ನಿಂತು, ಬಾಗಿಲ ಕಡೆ ಒಂದು ಕಣ್ಣಿಟ್ಟು, ಕಡ್ಡಿ ಕಿತ್ತು ಕಡ್ಡಿ ಚುಚ್ಚುವ ಚಿತ್ರ ಕಣ್ಣಿಗೆ ಕಟ್ಟಿತು. ಬ್ರೆಡ್ ಕತ್ತರಿಸುತ್ತಲೇ ಒಬ್ಬಳೇ ಕಿಸಕ್ಕೆಂದಳು.

ಇಪ್ಪತ್ನಾಲ್ಕನ್ನೂ ಕತ್ತರಿಸಿ, ಒಳಗಿನ ಬಣ್ಣದ ಪ್ರಕಾರ ಗುಂಪು ಸರಿಮಾಡಿ, ಲೆಕ್ಕ ಮತ್ತೆ ಹಾಕಿದಳು. ಎಫ್ ಒಂದಕ್ಕಿಂತಲೂ ಕಡಿಮೆ. ಪಿ ಹೆಚ್ಚುಕಡಿಮೆ ಅರ್ಧ. ಮೂರು ಕೈಗಳ ನಡುವೆ ಕಣ್ಣಿಗೆ ಬೀಳುವಂಥ ವ್ಯತ್ಯಾಸವಿರಲಿಲ್ಲ.

“ಈಗಲೇ ಹೋಗಿ ತೋರಿಸ್ತೀನಿ” ಎಂದಳು, ಹಿತ್ತಲಿನಲ್ಲಿ ಟಿನ್ನು ಉಜ್ಜುತ್ತಿದ್ದ ಅತ್ತಿಗೆಗೂ ಚಿಕ್ಕಪ್ಪನಿಗೂ ವಿಷಯ ಹೇಳಿ.

“ಬೇಡ” ಎಂದಳು ಅತ್ತಿಗೆ. “ಕಳ್ಳನ್ನ ಹಿಡಿದ ಹಾಗೆ ಹಿಡಿದ್ರೆ ಮಾವ ಒಂದು ವಾರ ಮುಖ ಎತ್ತಲ್ಲ. ಆ ಸಿಟ್ಟಿಗೆ ಇನ್ನೂ ಜೋರಾಗಿ ನಾದ್ತಾರೆ.”

ಚಿಕ್ಕಪ್ಪ ಸೋಪಿನ ಕೈ ಒರೆಸಿಕೊಂಡ. ಅವನ ಕಣ್ಣಿನಲ್ಲಿ ಮಿಂಚು ಕಾಣಿಸಿತೆಂದರೆ ಎಲ್ಲೋ ಒಂದು ಕಡೆ ಸಿಡಿಲು ಬೀಳಲಿದೆ ಎಂದೇ ಅರ್ಥ. “ಗುಬ್ಬಿ, ನಿಮ್ಮ ಮೇಡಂ ಹೋದ ತಿಂಗಳು ರಸ್ಕ್ ತಗೊಳ್ಳೋಕೆ ಬಂದಿದ್ರಲ್ಲ, ಹೇಗೆ ಮಾತಾಡ್ತಾರೆ ಅವರು? ಹೀಗೇ ತಾನೇ?” ಎಂದು ಗಂಟಲು ಸರಿಮಾಡಿಕೊಂಡು, “ಅರ್ಥ ಆಯ್ತಾ? ಆಗ್ಲಿಲ್ಲ, ಗೊತ್ತು” ಎಂದ. ಗುಬ್ಬಿ ಬೆಚ್ಚಿಬಿದ್ದು ಹಿಂದಿರುಗಿ ನೋಡಿದಳು, ಅಷ್ಟು ನಿಜವಾಗಿತ್ತು.

ಸಂಜೆ ಬೇಕರಿಯ ಫೋನು ಹೊಡೆದುಕೊಂಡಿತು. ಅಪ್ಪ ಎತ್ತಿದ.

“ನಾನು ಕಾಲೇಜಿನಿಂದ. ನಿಮ್ಮ ಮಗಳಿಗೆ ಅನೋವಾ ಹೇಳಿಕೊಡ್ತೀನಲ್ಲ, ಅವಳು.”

ಅಪ್ಪ ಕುರ್ಚಿಯಿಂದ ಎದ್ದು ನಿಂತ. ಏಪ್ರನ್ನಿನ ಹಿಟ್ಟು ಕೊಡವಿಕೊಂಡ. “ನಮಸ್ಕಾರ ಮೇಡಂ! ಹೇಳಿ ಮೇಡಂ!”

“ಎಂಥ ಕೈಗುಣ ರೀ ನಿಮ್ಮದು! ನಾನು ಇಷ್ಟು ವರ್ಷ ಪಾಠ ಮಾಡಿದೀನಿ, ಹತ್ತೊಂಬತ್ತು ಎಫ್ ಇರೋ ಕೈ ನೋಡಿರಲಿಲ್ಲ.”

“ಎಲ್ಲ ನಿಮ್ಮ ಆಶೀರ್ವಾದ ಮೇಡಂ.”

“ಆದ್ರೆ ವಿಜ್ಞಾನದಲ್ಲಿ ಒಂದು ಸಲ ಬಂದದ್ದು ಇನ್ನೊಂದು ಸಲಾನೂ ಬರ್ಬೇಕು. ನಾಳೆ ಇನ್ನೊಮ್ಮೆ ಮಾಡಿ. ಬ್ರೆಡ್ ಆರೋವಾಗ ಯಾರಾದ್ರೂ ಜವಾಬ್ದಾರಿ ಇರೋರು ಪಕ್ಕದಲ್ಲಿ ಇರ್ಲಿ. ನೀವೇ ಇದ್ರೆ ಒಳ್ಳೇದು. ಅರ್ಥ ಆಯ್ತಾ? ಆಗ್ಲಿಲ್ಲ, ಗೊತ್ತು.”

“ಆಯ್ತು ಮೇಡಂ, ಚೆನ್ನಾಗಿ ಅರ್ಥ ಆಯ್ತು ಮೇಡಂ!” ಎಂದು ಅಪ್ಪ ಫೋನಿಗೆ ಬಗ್ಗಿ ಕೈ ಮುಗಿದ; ಬಲಗೈ ಮೇಲೆ ಬಾರದ್ದರಿಂದ ಅರ್ಧವೇ ಮುಗಿದ.

ಬಾಗಿಲ ಸಂದಿಯಿಂದ ಇದನ್ನೆಲ್ಲ ನೋಡಿದ ಚಿಕ್ಕಪ್ಪ ಗೋದಾಮಿನಲ್ಲಿ, ಮೈದಾ ಮೂಟೆಗಳ ಹಿಂದೆ, ಮೊಬೈಲನ್ನು ಎದೆಗೊತ್ತಿಕೊಂಡು ಸದ್ದಿಲ್ಲದೆ ನೆಲದ ಮೇಲೆ ಹೊರಳಾಡುತ್ತಿದ್ದ.

ಮರುದಿನ ಬೆಳಗ್ಗೆ ಅಪ್ಪ ಮಾಮೂಲಿನಂತೆ ನಾದಿದ, ಹಲ್ಲು ಕಚ್ಚಿದ, ತೊಟ್ಟಿಗೆ ಬಟ್ಟೆ ಮುಚ್ಚಿದ. ಹಿಟ್ಟು ಉಬ್ಬುವಷ್ಟರಲ್ಲಿ ಗಡ್ಡ ಕೆರೆದುಕೊಂಡು ಬರುವುದು ಅವನ ಪದ್ಧತಿ. ಅವನು ಬಚ್ಚಲಿಗೆ ಹೋದದ್ದೇ ತಡ, ಅತ್ತಿಗೆ ಮತ್ತು ಚಿಕ್ಕಪ್ಪ ತೊಟ್ಟಿಯನ್ನು ಬರಿದು ಮಾಡಿ, ಅಪ್ಪನ ಹಿಟ್ಟನ್ನು ಬನ್ನಿನ ತಟ್ಟೆಗಳಿಗೆ ಸಾಗಿಸಿದರು. ಅತ್ತಿಗೆ ಮೊದಲೇ ನಾದಿ ಬಚ್ಚಿಟ್ಟಿದ್ದ ಹಿಟ್ಟನ್ನೇ ಮೂರು ತೊಟ್ಟಿಗೂ ತುಂಬಿದರು. ಕೆಂಪು, ಹಸಿರು, ನೀಲಿ, ಯಾವ ಕಡ್ಡಿಯಾದರೂ ಕೆಳಗಿದ್ದದ್ದು ಅತ್ತಿಗೆಯ ಕೈ ಒಂದೇ.

ಬ್ರೆಡ್ಡುಗಳು ಹೊರಬಂದವು. ಅಪ್ಪ ನಯವಾದ ಗಲ್ಲ ಸವರಿಕೊಳ್ಳುತ್ತ ಹಲಗೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡ. “ಹೋಗಿ, ಕಾಫಿ ಕುಡಿದು ಬನ್ನಿ. ಮೇಡಂ ನನಗೇ ಒಪ್ಪಿಸಿದಾರೆ.”

ಅವರು ಕಾಫಿ ಕುಡಿದರು. ಬೇಕೆಂದೇ ನಿಧಾನವಾಗಿ ಕುಡಿದರು. ಚಿಕ್ಕಪ್ಪ ಎರಡನೆಯ ಲೋಟವನ್ನೂ ಕೇಳಿದ.

ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಮೇಲೆ ನಾಲ್ವರೂ ನಾದುವ ಮೇಜಿನ ಸುತ್ತ ಕೂತರು. ಅಪ್ಪನ ಕೈಯಲ್ಲಿ ಒಂದು ಬನ್ನು. ಅರ್ಧ ತಿಂದು ಮುಖ ಕಿವುಚಿದ.

“ಬನ್ನು ಇವತ್ತು ಸುಮಾರಾಗಿದೆ” ಎಂದ, ಸೊಸೆಯ ಕಡೆ ತಿರುಗಿ, ಬಹಳ ಮೃದುವಾಗಿ. “ಬೇಜಾರು ಮಾಡ್ಕೋಬೇಡಮ್ಮ. ನಾದಿರೋದು ಸಾಲದು. ಕೈಗೆ ಜೀವ ಬಂದಿಲ್ಲ ಇನ್ನೂ.”

“ಹೌದಾ ಮಾವ?” ಎಂದಳು ಅತ್ತಿಗೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗುಬ್ಬಿ ಲ್ಯಾಪ್‌ಟಾಪ್ ತಿರುಗಿಸಿ ಇಟ್ಟಳು. “ಫಲಿತಾಂಶ ಬಂದಿದೆ. ಎಫ್ ಇಪ್ಪತ್ತೊಂದು. ಪಿ ಹೆಚ್ಚುಕಡಿಮೆ ಸೊನ್ನೆ. ಆಮೇಲಿನ ಪರೀಕ್ಷೇನೂ ಮಾಡಿದೀನಿ, ಹಸಿರಿಗಿಂತ ಕೆಂಪು ಮೇಲೆ, ನೀಲಿಗಿಂತಾನೂ ಕೆಂಪು ಮೇಲೆ.”

“ಹತ್ತೊಂಬತ್ತು ಇತ್ತಲ್ಲ?” ಎಂದ ಅಪ್ಪ, ಏನೂ ಗೊತ್ತಿಲ್ಲದವನ ಹಾಗೆ. “ಎರಡು ಜಾಸ್ತಿ ಆಯ್ತಾ? ಬಹುಶಃ ಭುಜ ಸ್ವಲ್ಪ ಸುಧಾರಿಸಿರ್ಬೇಕು.”

“ಆದ್ರೆ ಅಪ್ಪ, ಗುಂಪುಗಳಲ್ಲಿ ವ್ಯತ್ಯಾಸ ಇದೆ ಅಂತ ಮಾತ್ರ ಇದು ಹೇಳುತ್ತೆ. ಯಾಕೆ ಅಂತ ಹೇಳಲ್ಲ.”

“ಯಾಕೆ ಅಂದ್ರೆ! ಕೈಗುಣ!”

“ಯಾರ ಕೈಗುಣ?”

“ಕೆಂಪು ಕಡ್ಡಿ ಯಾರದು?”

ಗುಬ್ಬಿ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಸೆರಗು ಇಳಿಸಿದಳು. “ಮಾವ, ಇವತ್ತಿನ ಅಷ್ಟೂ ಬ್ರೆಡ್ಡಿನ ಹಿಟ್ಟು ನಾನೇ ನಾದಿದ್ದು. ಮೂರು ತೊಟ್ಟೀದೂ.”

ಅಪ್ಪನ ದವಡೆ ನಿಂತಿತು. “ಮತ್ತೆ... ನಾನು ನಾದಿದ ಹಿಟ್ಟು?”

“ಅರ್ಧ ನಿನ್ನ ಕೈಲಿದೆ ಅಣ್ಣ” ಎಂದ ಚಿಕ್ಕಪ್ಪ. “ಇನ್ನರ್ಧ ನಿನ್ನ ಬಾಯಲ್ಲಿ.”

ಅಪ್ಪ ಕೈಯಲ್ಲಿದ್ದ ಬನ್ನನ್ನು ನೋಡಿದ. ಜೀವ ಬಂದಿಲ್ಲ ಎಂದು ತಾನೇ ತೀರ್ಪು ಕೊಟ್ಟ ಬನ್ನು. ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಗುಬ್ಬಿ ಒಂದು ಕೆಂಪು ಕಡ್ಡಿಯ ಬ್ರೆಡ್ ಎಳೆದುಕೊಂಡು, ತೂತಿನ ನೇರಕ್ಕೆ ಚಾಕು ಹಾಕಿ, ಎರಡು ಹೋಳನ್ನೂ ಪುಸ್ತಕದ ಹಾಗೆ ಬಿಡಿಸಿ ಅವನ ಮುಂದೆ ಇಟ್ಟಳು. ಬಿಳಿಯ ನಡುವೆ ಎಲೆಯ ನರದ ಹಾಗೆ ಒಂದು ಹಸಿರು ಗೆರೆ.

ಅಪ್ಪ ಆ ಗೆರೆಯ ಮೇಲೆ ಬೆರಳಾಡಿಸಿದ.

“ನಿನ್ನೇದೂ ಕತ್ತರಿಸಿ ನೋಡ್ದ್ಯಾ?” ಎಂದ ಅಪ್ಪ, ತಲೆ ಎತ್ತದೆ.

“ಹೂಂ. ಸರಿಯಾದ ಬಣ್ಣ ಹಾಕಿ ಲೆಕ್ಕ ಮಾಡಿದ್ರೆ ಮೂವರ ಕೈಯಲ್ಲೂ ವ್ಯತ್ಯಾಸ ಕಾಣಲ್ಲ. ಇಲ್ವೇ ಇಲ್ಲ ಅಂತಲ್ಲ ಅಪ್ಪ. ನಮಗೆ ಕಾಣೋವಷ್ಟು ಇಲ್ಲ, ಅಷ್ಟೆ.”

“ಈ ಕೈ ಬಿಟ್ರೆ ನನ್ನ ಹತ್ರ ಬೇರೇನಿತ್ತು ಹೇಳು” ಎಂದ ಅಪ್ಪ. ದನಿ ಸಣ್ಣದಾಗಿತ್ತು. “ಅದೂ ಎಲ್ಲರ ಕೈ ಹಾಗೇ ಅಂದ್ರೆ...”

ಗುಬ್ಬಿ ಅತ್ತಿಗೆಯ ಕಡೆ ನೋಡಿದಳು. ಆ ಅಧ್ಯಾಯ ಪಾಠದಲ್ಲಿ ಇರಲಿಲ್ಲ.

“ಎಲ್ಲರ ಕೈ ಹಾಗೆ ಯಾಕಾಗುತ್ತೆ ಮಾವ?” ಎಂದಳು ಅತ್ತಿಗೆ. “ನಾನು ಬಂದಾಗ ಹಿಟ್ಟಿಗೆ ನೀರು ಎಷ್ಟು ಅಂತಾನೂ ಗೊತ್ತಿರಲಿಲ್ಲ ನಂಗೆ. ಇಷ್ಟು ವರ್ಷ ಪಕ್ಕದಲ್ಲಿ ನಿಂತು ನಿಮ್ಮ ಕೈಯನ್ನೇ ನೋಡಿ ಕಲಿತಿದ್ದು. ಹಿಟ್ಟನ್ನ ಎಲ್ಲಿ ಮಡಿಸ್ತೀರ, ಎಲ್ಲಿ ಗುದ್ದುತೀರ, ಯಾವಾಗ ಸಾಕು ಅಂತೀರ, ಎಲ್ಲಾನೂ. ಈಗ ಅಳೆದ್ರೂ ವ್ಯತ್ಯಾಸ ಸಿಗ್ತಿಲ್ಲ ಅಂದ್ರೆ ನಾನು ಚೆನ್ನಾಗಿ ಕದ್ದಿದೀನಿ ಅಂತ ತಾನೇ?”

ಅಪ್ಪ ಸೊಸೆಯ ಕೈಗಳನ್ನು ನೋಡಿದ. ಬೆರಳ ಸಂದುಗಳಲ್ಲಿ ಒಣಗಿದ ಹಿಟ್ಟು, ಅವನ ಬೆರಳುಗಳಲ್ಲಿ ಅಂಟುತ್ತಿದ್ದ ಜಾಗಗಳಲ್ಲೇ. ಇಷ್ಟು ವರ್ಷ ಎಡಗಡೆಯೇ ಇದ್ದ ಕೈಗಳನ್ನು ಅವನು ಈಗಲೇ ಮೊದಲು ನೋಡುತ್ತಿದ್ದಂತಿತ್ತು.

“ಕಳ್ಳಿ” ಎಂದ. ಆಮೇಲೆ ಏಪ್ರನ್ ಬಿಚ್ಚಲು ಕೈಯನ್ನು ಬೆನ್ನ ಹಿಂದೆ ಒಯ್ಯಲು ನೋಡಿದ. ಕೈ ಅರ್ಧಕ್ಕೇ ನಿಂತಿತು. “ಗುಬ್ಬಿ, ಬಂದು ಈ ಗಂಟು ಬಿಚ್ಚೇ. ನಂಗೆ ಎಟುಕಲ್ಲ. ಬಿಚ್ಚಿ ಅವಳಿಗೆ ಕಟ್ಟು. ಡಾಕ್ಟ್ರು ಎಷ್ಟು ತಿಂಗಳು ಅಂದ್ರೋ ಅಷ್ಟೂ ತಿಂಗಳು. ಆ ಗೋಡೆ ಪಕ್ಕದ ಜಾಗಾನೂ ಅವಳದೇ.”

ಗುಬ್ಬಿ ಗಂಟು ಬಿಚ್ಚುವಾಗ ಅವಳ ಕಣ್ಣು ಮಂಜಾದದ್ದು ಮೈದಾದಿಂದ ಎಂದುಕೊಳ್ಳೋಣ.

“ಆದ್ರೆ ಒಂದು ಮಾತು” ಎಂದ ಅಪ್ಪ, ಏಪ್ರನ್ ಇಲ್ಲದೆ ಸ್ವಲ್ಪ ಸಣ್ಣಗಾದವನ ಹಾಗೆ ಕಾಣುತ್ತ. “ಮೇಡಂಗೆ ಈ ಕಡ್ಡಿ ವಿಷಯ ಹೇಳ್ಬೇಡ ಕಣೇ. ದೊಡ್ಡ ಮನುಷ್ಯರು. ನನ್ನ ಮೇಲೆ ಎಷ್ಟು ನಂಬಿಕೆ ಇಟ್ಟು ಫೋನ್ ಮಾಡಿದ್ರು, ಪಾಪ. ನಾನು ಎದ್ದು ನಿಂತು ಮಾತಾಡಿದೀನಿ ಅವರ ಜೊತೆ.”

ಅತ್ತಿಗೆ ಗೋಡೆಯ ಕಡೆ ತಿರುಗಿದಳು. ಗುಬ್ಬಿ ಲ್ಯಾಪ್‌ಟಾಪಿನ ಹಿಂದೆ ಮುಖ ಇಳಿಸಿದಳು. ಚಿಕ್ಕಪ್ಪ ಮಾತ್ರ ಮೇಜಿನ ಮೇಲೆ ಮೊಣಕೈ ಊರಿ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅಣ್ಣನನ್ನೇ ನೋಡುತ್ತ ಹೇಳಿದ:

“ಅರ್ಥ ಆಯ್ತಾ? ಆಗ್ಲಿಲ್ಲ, ಗೊತ್ತು.”

ಅಪ್ಪನ ಬಾಯಿ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು. “ಲೋ... ಅದು ನೀನೇನೋ? ನಾನು... ನಾನು ನಿಂಗೆ ‘ನಿಮ್ಮ ಆಶೀರ್ವಾದ’ ಅಂದ್ನೇನೋ?”

“ಕೈ ಬೇರೆ ಮುಗಿದೆ ಅಣ್ಣ. ಅರ್ಧ.”

ಅಪ್ಪನ ಹೊಟ್ಟೆಯ ಆಳದಿಂದ ಏನೋ ಗುಡುಗಿದ ಹಾಗಾಯಿತು. ಬೈಯಲಿದ್ದಾನೆಂದು ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು. ಆದರೆ ಹೊರಬಂದದ್ದು ನಗು. ಮೊದಲು ಒಂದು ಉಬ್ಬು, ಆಮೇಲೆ ಇನ್ನೊಂದು, ಆಮೇಲೆ ತೊಟ್ಟಿಯ ಕಂಠ ದಾಟಿ ಚೆಲ್ಲುವ ಹಿಟ್ಟಿನ ಹಾಗೆ. ಅಪ್ಪ ನಕ್ಕ, ಮೇಜು ಗುದ್ದಲು ಹೋಗಿ “ಅಯ್ಯೋ, ಭುಜ, ಭುಜ” ಎಂದ, ಎಡಗೈಯಿಂದ ಗುದ್ದಿ ನಕ್ಕ. ಬನ್ನು ತೋರಿಸಿ, “ಕೈಗೆ ಜೀವ ಬಂದಿಲ್ಲ ಅಂದ್ನಲ್ಲೇ!” ಎಂದು ನಕ್ಕ. ಉಳಿದ ಮೂವರೂ ನಗುತ್ತಿದ್ದರು, ಆದರೆ ಅವರ ನಗುವೆಲ್ಲ ಕೂಡಿಸಿದರೂ ಅವನದಕ್ಕೆ ಸಮನಾಗುತ್ತಿರಲಿಲ್ಲ; ಅದನ್ನು ಹೇಳಲು ಯಾವ ಅನೋವಾವೂ ಬೇಕಾಗಿರಲಿಲ್ಲ.

ಮುಂಗಟ್ಟಿನಲ್ಲಿ ಬ್ರೆಡ್ಡಿಗೆ ನಿಂತಿದ್ದ ಗಿರಾಕಿಯೊಬ್ಬರು ಇಣುಕಿ, ಕಪಾಟಿನ ಮೇಲಿನ ಕಾಗದವನ್ನು ತೋರಿಸಿ, “ಏನಾಯ್ತ್ರೀ ಯಜಮಾನ್ರೇ? ಇದೇನಿದು?” ಎಂದು ಕೇಳಿದರು.

ಅಪ್ಪ ಕಣ್ಣೊರೆಸಿಕೊಳ್ಳುತ್ತ ಎದ್ದು ಹೋದ. ಆ ಕಾಗದವನ್ನು ಎಡಗೈಯಿಂದ ಪರ‍್ರನೆ ಕಿತ್ತು, ಗಿರಾಕಿಯ ಬ್ರೆಡ್ಡನ್ನು ಅದರಲ್ಲೇ ಸುತ್ತಿ ಕೊಟ್ಟ.

“ನಮ್ಮ ಸೊಸೆ ಕೈಗುಣ” ಎಂದ. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಮತ್ತೆ ನಗು ಉಕ್ಕಿ ಬಂದು, ಗಾಜಿನ ಕಪಾಟಿಗೆ ಒರಗಿಕೊಂಡು, ಒಳಗಿದ್ದ ರಸ್ಕುಗಳೆಲ್ಲ ಗಡಗಡ ಅಲ್ಲಾಡುವ ಹಾಗೆ ನಗತೊಡಗಿದ.